ಕಲ್ಲು ಬ್ಯಾಡ್ರಿ

ಅಮ್ಮನವರ ಸಮಾಧಿಗೆ ಕಲ್ಲಿಲ್ಲ. ಹೊಸಪೇಟೆಯ ದೊಡ್ಡ ಮನುಷ್ಯರಿಗೆ ಇದೊಂದು ಅವಮಾನವಾಗಿ ಕೂತಿದೆ. ಅಮ್ಮನವರು ತೀರಿಕೊಂಡು ವರ್ಷವಾಯಿತು, ಇವತ್ತಿಗೂ ದಾರಿಯಲ್ಲಿ ಸಿಕ್ಕವರು ನನ್ನನ್ನು ನಿಲ್ಲಿಸಿ ಕೇಳುತ್ತಾರೆ: "ಏನ್ರೀ ಅಕ್ಕೋರ, ಅಷ್ಟು ಮಾಡಿದ ಹೆಣ್ಮಗಳಿಗೆ ಒಂದು ಕಲ್ಲು ನಿಲ್ಲಿಸಾಕ ಆಗಲಿಲ್ಲೇನು ನಿಮಗ? ಹಂಪಿ ಮಗ್ಗಲದಾಗ ಇದ್ದು ಕಲ್ಲಿಗೆ ಬರಾನ?" ನಾನು ತುಟಿ ಕಚ್ಚಿಕೊಂಡು ಮುಂದೆ ಹೋಗುತ್ತೇನೆ. ಉತ್ತರ ಬೀದಿಯಲ್ಲಿ ನಿಂತು ಹೇಳುವಷ್ಟು ಚಿಕ್ಕದಲ್ಲ. ಅದಕ್ಕೇ ಬರೆಯಲು ಕೂತಿದ್ದೇನೆ. ಹೆಸರು ಮಾತ್ರ ಬರೆಯುವುದಿಲ್ಲ. ತಮ್ಮ ಹೆಸರನ್ನು ಈ ಸೀಮೆಯಲ್ಲಿ ಒಬ್ಬರೂ ಸರಿಯಾಗಿ ಉಚ್ಚರಿಸಲಿಲ್ಲ ಎಂಬ ಸಿಟ್ಟು ಅವರಿಗೆ ಕೊನೆತನಕ ಇತ್ತು. ಈಗ ತಪ್ಪಾಗಿ ಬರೆದು ಅದನ್ನು ಹೆಚ್ಚಿಸುವುದು ಬೇಡ.

ನಾನು ಅವರನ್ನು ಮೊದಲು ನೋಡಿದಾಗ ಹೆಣ್ಣುಮಕ್ಕಳ ಶಾಲೆಯಲ್ಲಿ ಪಾಠ ಹೇಳುತ್ತಿದ್ದೆ. ಖಾದಿ ಉಡುತ್ತಿದ್ದೆ, ಬಿಳಿ ಚರ್ಮ ಕಂಡರೆ ಮೈ ಉರಿಯುತ್ತಿತ್ತು. ಒಂದು ದಿನ ಗಂಡಸರ ಕಪ್ಪು ಕೊಡೆ ಹಿಡಿದು, ಬಿಸಿಲಿಗೆ ಮೂಗು ಸುಲಿದುಕೊಂಡ ಎತ್ತರದ ಹೆಂಗಸೊಬ್ಬರು ಬಂದು, ತಮ್ಮ ಜೊತೆ ಮನೆಮನೆ ತಿರುಗಿ ಬರೆದುಕೊಳ್ಳುವ ಕೆಲಸಕ್ಕೆ ನನ್ನನ್ನು ಕರೆದರು. "ದೊರೆಸಾನಿಯರ ಚಾಕರಿ ನಾನು ಮಾಡೂದಿಲ್ರಿ" ಎಂದುಬಿಟ್ಟೆ. ಅವರು ಕೊಡೆಯನ್ನು ಗೋಡೆಗೆ ಒರಗಿಸಿ, ಮಕ್ಕಳ ಮಣೆಯ ಮೇಲೆ ಕೂತರು.

"ನಾ ದೊರೆಸಾನಿ ಅಲ್ಲವ್ವಾ. ಐರ್ಲೆಂಡಿನಾಕಿ. ನಿಮ್ಮ ದೊರೆನ ನಮಗೂ ದೊರೆ ಆಗಿದ್ದ, ನಿಮಗಿಂತ ಮೊದಲ. ನಾವು ಹೊರಗ ಹಾಕಿದ್ವಿ. ನೀವು ಯಾವಾಗ ಹಾಕೋರು?"

ಅಷ್ಟು ಸಾಕಾಯಿತು. ಮರುದಿನದಿಂದ ನಾನು ಅವರ ಕೊಡೆಯ ನೆರಳಿನಲ್ಲಿದ್ದೆ.

ಅವರ ಕನ್ನಡ ಪುಸ್ತಕದ್ದಲ್ಲ. ನೀರು ತರುವವರಿಂದ, ಬಟ್ಟೆ ಒಗೆಯುವವರಿಂದ ಕಲಿತದ್ದು. ಹಾಗಾಗಿ ಯಾರಿಗೆ 'ರೀ' ಅನ್ನಬೇಕು, ಯಾರಿಗೆ 'ಲೇ' ಅನ್ನಬೇಕು ಎಂಬ ಭೇದ ಅವರ ನಾಲಿಗೆಗೆ ಹತ್ತಲಿಲ್ಲ. ಪೇಟೆಯ ದೊಡ್ಡ ವಕೀಲರೊಬ್ಬರಿಗೆ ಎಲ್ಲರ ಎದುರು ಪ್ರೀತಿಯಿಂದಲೇ, "ಯಾಕ್ಲೇ ತಮ್ಮಾ, ಸೊರಗೀಯಲ್ಲ?" ಎಂದು ಕೇಳಿದ್ದುಂಟು. ಆ ವಕೀಲರು ಅವರನ್ನು ಕಂಡರೆ ಓಣಿ ಬದಲಿಸುತ್ತಿದ್ದರು. ಮಿರ್ಚಿ ಬಜಿ ಎಂದರೆ ಪ್ರಾಣ. ತಿಂದು ಕಣ್ಣಲ್ಲಿ ಮೂಗಲ್ಲಿ ನೀರು ಸುರಿಸುತ್ತ, "ಇನ್ನೊಂದು" ಅನ್ನುವರು. ಅಂಗಳದಲ್ಲಿ ಆಲೂಗಡ್ಡೆ ನಟ್ಟರು, ಗೆದ್ದಲು ತಿಂದಿತು. ಮತ್ತೆ ನಟ್ಟರು, ಮತ್ತೆ ತಿಂದಿತು. ಅವರ ಹಟ ಅಂಥದು. ಹಾಗಂತ ಶಾಂತಮೂರ್ತಿ ಎಂದು ತಿಳಿಯಬೇಡಿ. ಮುಂಗೋಪಿ. ನನ್ನ ಮೇಲೆ ಸುಮ್ಮಸುಮ್ಮನೆ ರೇಗುತ್ತಿದ್ದರು. ತಪ್ಪು ತಮ್ಮದೆಂದು ತಿಳಿದ ಮೇಲೆ ಕ್ಷಮೆ ಕೇಳದೆ ಮಿರ್ಚಿ ತರಿಸಿ ಕೊಡುತ್ತಿದ್ದರು.

ಕೆಲಸ ಏನೆಂದರೆ: ಆ ವರ್ಷ ಸುತ್ತಿನ ಹೊಲಗಳಲ್ಲಿ ಜೋಳ ಬೆಳೆಯಲಿಲ್ಲ, ಪೇಟೆಯಲ್ಲಿ ಅದರ ಬೆಲೆ ಕೂಲಿಯವರ ಕೈಗೆ ಎಟುಕದಾಯಿತು. ಬಡವರ ಮನೆಗಳಿಗೆ ಅಗ್ಗದ ಜೋಳ ಕೊಡಬೇಕೆಂದು ಮೇಲಿನವರು ಠರಾಯಿಸಿದರು. ಬಡವರು ಯಾರು? ಅದನ್ನು ವಿಚಾರಿಸಿ ಪಟ್ಟಿ ಮಾಡಲು ಮದರಾಸಿನಿಂದ ಒಬ್ಬ ಅಧಿಕಾರಿ ಬಂದಿಳಿದರು. ತೆಲುಗು ಮನೆಮಾತಿನ, ಮೆಲುದನಿಯ, ಇಸ್ತ್ರಿ ಮುರಿಯದ ಮನುಷ್ಯ. ಜನ ಅವರನ್ನು 'ಸ್ಪೆಷಲ್ ಸಾಹೇಬ' ಅನ್ನುತ್ತಿದ್ದರು. ಅಮ್ಮನವರು ತಮ್ಮ ದೇಶದ ಹಳ್ಳಿಗಳಲ್ಲಿ ಇಂಥದೇ ವಿಚಾರಣೆ ಮಾಡಿದವರು. ಯಾವ ಮನೆಯಲ್ಲಿ ಏನು ಬೇಯುತ್ತದೆ, ಅದರಲ್ಲಿ ಯಾರಿಗೆ ಎಷ್ಟು ಬೀಳುತ್ತದೆ, ಯಾರು ನೀರು ಕುಡಿದು ಮಲಗುತ್ತಾರೆ ಎಂದು ಗುಡಿಸಲು ಗುಡಿಸಲು ತಿರುಗಿ ಕೇಳಿದವರು. ಆದ್ದರಿಂದ ಸಾಹೇಬರು ಅವರನ್ನು ಕೂಡಿಸಿಕೊಂಡರು. ಆಮೇಲೆ ಬಹಳ ಪಶ್ಚಾತ್ತಾಪಪಟ್ಟಿರಬೇಕು.

ಮೊದಲ ದಿನವೇ ಅಮ್ಮನವರು ನನಗೆ ಒಂದು ಪಾಠ ಹೇಳಿದರು. "ಊಟ ಆತೇನು ಅಂತ ಕೇಳಬ್ಯಾಡ. ಈ ನಾಡಿನಾಗ ಸಾಯಾಕ ಬಿದ್ದವನೂ 'ಆತ್ರಿ' ಅಂತಾನ. ಅದು ಊಟದ ಮಾತಲ್ಲ, ಮರ್ಯಾದಿ ಮಾತು. ಏನುಂಡ್ರಿ ಅಂತ ಕೇಳು." ನಾನು ಹುಟ್ಟಿದಾಗಿನಿಂದ ದಿನಕ್ಕೆ ಹತ್ತು ಸಲ ಆಡಿದ ಮಾತು ಅದು. ಪರದೇಶದವರು ಬಂದು ಅದನ್ನು ಬಿಚ್ಚಿ ತೋರಿಸಬೇಕಾಯಿತು.

ಆ ಪ್ರಶ್ನೆ ನಮ್ಮ ಮನೆಗೂ ಬಂತು. ನಮ್ಮದು ವೈಷ್ಣವರ ಮನೆ, ಮಡಿ ಮೈಲಿಗೆ ಬಲ. ಅಮ್ಮನವರನ್ನು ಜಗಲಿಯಲ್ಲಿ ಕೂಡಿಸಿ, ಅವರು ಎದ್ದು ಹೋದ ಮೇಲೆ ಆ ಜಾಗಕ್ಕೆ ನೀರು ಹಾಕುತ್ತಿದ್ದರು. ಅದು ಅವರಿಗೆ ಗೊತ್ತಿತ್ತು. "ಬಿಸಿಲು ಭಾಳ, ನೀರು ಹಾಕ್ರಿ, ತಂಪಾಗತೈತಿ" ಎಂದು ತಾವೇ ಹೇಳಿ ಹೋಗುತ್ತಿದ್ದರು. ಒಂದು ಮಧ್ಯಾಹ್ನ ಅಪ್ಪ ಊಟ ಮುಗಿಸಿ ಎಲೆ ಅಡಿಕೆ ಹಾಕುತ್ತಿದ್ದಾಗ, ಬಾಗಿಲ ಮರೆಯಲ್ಲಿ ನಿಂತ ನನ್ನ ತಾಯಿಯನ್ನು ಅವರು ಬೇಕೆಂದೇ ಮೊದಲು ಆ ಮರ್ಯಾದೆಯ ಮಾತನ್ನೇ ಕೇಳಿದರು.

"ನಿಮ್ಮದು ಊಟ ಆತೇನ್ರಿ?"

"ಆತ್ರಿ."

"ಏನುಂಡ್ರಿ?"

ಅವ್ವ ಬಾಗಿಲ ಹಿಂದೆ ಇನ್ನಷ್ಟು ಸರಿದಳು. ಅನ್ನ ಗಂಡಸರಿಗೆ, ಮಕ್ಕಳಿಗೆ, ಬಂದ ಇಬ್ಬರು ಅತಿಥಿಗಳಿಗೆ ಆಗಿಹೋಗಿತ್ತು. ಅವಳು ಉಂಡದ್ದು ತಪ್ಪೇಲಿಯ ತಳಕ್ಕೆ ಹತ್ತಿದ ಸೀದ ಅನ್ನ ಮತ್ತು ಮಜ್ಜಿಗೆ. ಅಮ್ಮನವರು ಅಪ್ಪನ ಕಡೆ ತಿರುಗಿದರು. "ಸ್ವಾಮೇರ, ನಿಮ್ಮ ಮನಿ ಒಂದಲ್ರಿ, ಎರಡು ಅದಾವ. ಪಡಸಾಲ್ಯಾಗ ಒಂದು ಸಾವುಕಾರರ ಮನಿ, ಅಡಿಗಿಮನ್ಯಾಗ ಒಂದು ಬಡವರ ಮನಿ. ನಾ ಯಾವುದು ಬರಕೊಳ್ಳಲಿ?" ಅಪ್ಪ ಮೊದಲು ನಕ್ಕರು. ಆಮೇಲೆ ಅಮ್ಮನವರು ನಮ್ಮ ಜಗಲಿ ಹತ್ತಕೂಡದೆಂದು ಅಪ್ಪಣೆಯಾಯಿತು. ಆದರೆ ಆ ರಾತ್ರಿಯಿಂದ ಅವ್ವನ ಪಾಲು ಮೊದಲೇ ಎತ್ತಿಡದೆ ನಾನು ಎಲೆಯ ಮುಂದೆ ಕೂರಲಿಲ್ಲ. ಮನೆಯಲ್ಲಿ ಜಗಳ ಆಯಿತು. ಆಗಲಿ ಎಂದೆ.

ಕಂಪ್ಲಿಯದು ಇನ್ನೊಂದು ಕತೆ. ಅಲ್ಲಿ ಕಾಲುವೆ ನೀರು, ಕಬ್ಬು, ಭತ್ತ. 'ಕಂಪ್ಲಿಯಲ್ಲಿ ಬಡವರೆಲ್ಲಿ?' ಎಂಬುದು ಪೇಟೆಯವರ ಮಾತು. ಅಕ್ಕಿ ಗಿರಣಿಯ ಮಾಲೀಕರೊಬ್ಬರ ಓಣಿಯನ್ನು ಮುಗಿಸಿದ ಮೇಲೆ ಸಾಹೇಬರ ಗುಮಾಸ್ತ ಕೂಡಿ ಭಾಗಿಸಿ ಹೇಳಿದ: "ಸರಾಸರಿ ನೋಡಿದ್ರ ಈ ಓಣಿ ಭಾಳ ಚೊಲೋ ಐತ್ರಿ ಅಮ್ಮಾರ."

"ಸರಾಸರಿನಾ? ಯಾವ ಮನಿಯಾಂವಪಾ ಅಂವ? ತೋರಿಸು. ನನಗೂ ಹಸಿವಾಗೇತಿ, ಅವನ ಮನ್ಯಾಗ ಉಂಡು ಬರೋಣು."

ಪಾಪ, ಗುಮಾಸ್ತ ನಿಜವಾಗಿಯೂ ಓಣಿಯ ಆ ತುದಿಯಿಂದ ಈ ತುದಿಗೆ ನೋಡಿದ. ಒಂದು ತುದಿಯಲ್ಲಿ ಗಿರಣಿಯವರ ಮಹಡಿ. ಉಳಿದ ಮನೆಗಳಲ್ಲಿ ಗಿರಣಿಯ ನೆಲ ಗುಡಿಸಿ ತಂದ ನುಚ್ಚಿನ ಗಂಜಿ. ಸರಾಸರಿಯವನ ಮನೆ ಎಲ್ಲೂ ಇರಲಿಲ್ಲ.

ಸಂಡೂರಿನ ಕಡೆಯಿಂದ ಸೌದೆ ಹೊತ್ತು ತರುವ ಹೆಂಗಸರನ್ನೂ ಬರೆದುಕೊಳ್ಳುತ್ತೇನೆಂದು ಅವರು ಹಟ ಹಿಡಿದಾಗ ಸಾಹೇಬರು, ಅದು ಸಂಸ್ಥಾನ, ಅವರ ರಾಜರೇ ಬೇರೆ ಎಂದರು. "ಹಸಿವಿಗೆ ಯಾವ ರಾಜಾನೋ ತಮ್ಮಾ?" ಎಂದು ಅಮ್ಮನವರು ಕೇಳಿದರು. ಸಾಹೇಬರು ಕನ್ನಡಕ ಒರೆಸಿಕೊಂಡರು. ಅಲ್ಲಿ ಅಮ್ಮನವರು ಸೋತರು. ಸೋತದ್ದನ್ನೂ ಹೇಳಬೇಕು.

ಇನ್ನು ಹಂಪಿಯ ಮಾತು. ಸಾಹೇಬರ ಅಚ್ಚಾದ ಕಾಗದದಲ್ಲಿ ಒಂದು ನಿಯಮವಿತ್ತು: ಗೋಡೆ ಮಣ್ಣಿನದಾದರೆ ಮುಂದಿನ ಪ್ರಶ್ನೆ ಕೇಳಬೇಕು, ಕಲ್ಲಿನದಾದರೆ ಆ ಮನೆಯನ್ನು ಅಲ್ಲಿಗೇ ಪಟ್ಟಿಯಿಂದ ಹೊಡೆದುಹಾಕಬೇಕು. ಬೇರೆ ಊರಿನಲ್ಲಿ ಅದು ತಪ್ಪಲ್ಲ. ಕೈಯಲ್ಲಿ ನಾಲ್ಕು ಕಾಸು ಆಡುವವನೇ ಕಲ್ಲಿನ ಮನೆ ಕಟ್ಟಿಸುವುದು. ಆದರೆ ಹಂಪಿ ಬಜಾರಿನಲ್ಲಿ, ವಿರೂಪಾಕ್ಷನ ಗುಡಿಯ ಮುಂದಿನ ಹಳೆಯ ಕಲ್ಲುಮಂಟಪಗಳಲ್ಲಿ ಕೂಲಿಯವರು ಸಂಸಾರ ಹೂಡಿದ್ದರು. ಕಂಬದಿಂದ ಕಂಬಕ್ಕೆ ಗೋಣಿತಟ್ಟು ಕಟ್ಟಿದರೆ ಅದೇ ಕೋಣೆ. ಗುಮಾಸ್ತ ಹೋಗಿ ಬಂದು ಅಷ್ಟೂ ಮನೆಗಳನ್ನು 'ಕಲ್ಲಿನ ಮನೆ' ಎಂದು ಹೊಡೆದುಹಾಕಿದ್ದ. ಶ್ರದ್ಧೆಯ ಮನುಷ್ಯ, 'ಕಂಬಗಳಲ್ಲಿ ಉತ್ತಮ ಕೆತ್ತನೆ ಇದೆ' ಎಂದು ಷರಾ ಬೇರೆ ಬರೆದಿದ್ದ.

ಅದನ್ನು ಓದಿ ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಅಮ್ಮನವರು ನಗಲಿಲ್ಲ. "ನಮ್ಮ ಮನಿನೂ ಕಲ್ಲಿಂದ" ಎಂದರು. "ನಮ್ಮ ಹೊಲದಾಗ ಬೆಳೀತಿದ್ದದ್ದು ಕಲ್ಲು ಒಂದ." ಆಗಲೇ ಜಟಕಾ ತರಿಸಿ ನನ್ನನ್ನು ಹತ್ತಿಸಿಕೊಂಡು ಹೊರಟರು.

ಬಜಾರಿನಲ್ಲಿ ಮೊದಲ ಮಂಟಪ ಹುಲಿಗೆವ್ವನದು. ಕಮಲಾಪುರದ ಬಾಳೆ ತೋಟಗಳಲ್ಲಿ ಕಳೆ ಕೀಳುವವಳು. ಗಂಡ ಇಲ್ಲ, ಹಾಸಿಗೆ ಹಿಡಿದ ಅತ್ತೆ, ಮೂರು ಮಕ್ಕಳು. ಒಲೆ ಉರಿಯುತ್ತಿತ್ತು, ಮೇಲೆ ಗಡಿಗೆ ಕುದಿಯುತ್ತಿತ್ತು.

"ಏನುಂಡ್ರಿ ಇವತ್ತು?" ಎಂದರು ಅಮ್ಮನವರು.

"ಎಸರಿಟ್ಟೀನ್ರಿ" ಎಂದಳು ಹುಲಿಗೆವ್ವ.

ಅಮ್ಮನವರು ಬಗ್ಗಿ ಮುಚ್ಚಳ ತೆಗೆದರು. ಎಸರು ಕುದಿಯುತ್ತಿತ್ತು ನಿಜ, ಅದಕ್ಕೆ ಹಾಕಲು ಕಾಳಿರಲಿಲ್ಲ. ಮಂಟಪಕ್ಕೆ ಕದವಿಲ್ಲವಲ್ಲ, ಬೀದಿಯವರಿಗೆ ಬರಿ ಒಲೆ ಕಾಣಬಾರದು. ಅದಕ್ಕೆ ದಿನವೂ ನೀರು ಕುದಿಸುತ್ತಿದ್ದಳು.

"ಹೆಸರು ಹೇಳವ್ವಾ, ಬಡವರ ಪಟ್ಟಿಗೆ ಹಾಕ್ತೀನಿ. ಜೋಳ ಬರತೈತಿ."

"ಬ್ಯಾಡ್ರಿ."

"ಯಾಕ?"

"ಬಡವಿ ಅಂತ ಬರೀಬ್ಯಾಡ್ರಿ. ದುಡೀತೀವಿ ನಾವು. ಯಾರ ಬಾಗಲಿಗೂ ಸೆರಗು ಒಡ್ಡಿಲ್ಲ. ಇದು ರಾಯರು ಕಟ್ಟಿಸಿದ ಮನಿ. ನಾಳೆ ಮಗಳ್ನ ಕೊಟ್ಟ ಮನ್ಯಾಗ, ನಿಮ್ಮವ್ವನ ಹೆಸರು ಸರಕಾರದ ಬಡವರ ಪಟ್ಟ್ಯಾಗ ಐತಲ್ಲ ಅಂತ ಆಡಿಕ್ಯಂಡ್ರ? ಹೊಟ್ಟಿ ಹೆಂಗರ ತುಂಬತೈತಿ. ಆ ಮಾತು ಹೋಗೂದಿಲ್ಲ."

ಅಕ್ಕಪಕ್ಕದ ಮಂಟಪದವರೂ ಬಂದು ನಿಂತಿದ್ದರು. ಒಬ್ಬರೂ ಹೆಸರು ಹೇಳಲಿಲ್ಲ. ನನಗೆ ರೇಗಿತು. "ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ" ಎಂದು ಗೊಣಗಿದೆ. ಅಮ್ಮನವರು ನನ್ನ ರಟ್ಟೆ ಹಿಡಿದು ಮಂಟಪದ ಹಿಂದಕ್ಕೆ ಎಳೆದುಕೊಂಡು ಹೋದರು. ಆ ಮೂಗಿನಷ್ಟೇ ಮುಖವೂ ಕೆಂಪಾಗಿತ್ತು.

"ಆ ಗಾದಿ ಇನ್ನೊಮ್ಮೆ ಆಡಬ್ಯಾಡ. ನಮ್ಮೂರಿಗೂ ಒಬ್ಬ ಸಾಹೇಬ ಬಂದಿದ್ದ, ಹಿಟ್ಟು ಯಾರಿಗೆ ಕೊಡಬೇಕಂತ ಪಟ್ಟಿ ಮಾಡಾಕ. ಅಂವ ಬರ್ತಾನಂತ ನಮ್ಮವ್ವ ಮಗ್ಗಲ ಮನಿಯಿಂದ ಒಂದು ಕುರ್ಚಿ, ಒಂದು ಚಾದ ಕಪ್ಪು ತಂದು ಇಟ್ಟಳು. ನಮಗೇನೂ ಕಡಿಮಿಲ್ಲ ಅಂದಳು. ಕಲ್ಲಿನ ಮನಿ, ಕುರ್ಚಿ, ಕಪ್ಪು ಅಂತ ಬರಕೊಂಡು ಅಂವ ಹೋದ. ಆ ಚಳಿಗಾಲದಾಗ ನನ್ನ ತಮ್ಮ ಹೋದ. ಹಸ್ತು ಹೋದ. ನಮ್ಮವ್ವ ಸುಳ್ಳು ಹೇಳಿದಳಂತ ಊರೆಲ್ಲ ಆಕಿನ್ನ ಬೈತು. ಬಡವಿ ಅಂತ ಒಪ್ಪಿಕೊಂಡ್ರನ ಹಿಟ್ಟು ಅಂತ ಕೂತಿದ್ದನಲ್ಲ, ಅವನ್ನ ಯಾರೂ ಬೈಲಿಲ್ಲ."

ನಾನು ಅವರನ್ನು ಅಷ್ಟು ದಿನ ನೋಡಿದ್ದೆ, ಅಳುವುದನ್ನು ಕಂಡಿರಲಿಲ್ಲ. ಆವತ್ತೂ ಅಳಲಿಲ್ಲ. ಕೊಡೆಯ ತುದಿಯಿಂದ ನೆಲ ಕುಟ್ಟಿದರು. ಮತ್ತೆ ಹುಲಿಗೆವ್ವನ ಒಲೆಯ ಮುಂದೆ ಹೋಗಿ ಕುಕ್ಕರಗಾಲಲ್ಲಿ ಕೂತರು.

"ಹಂಗಾರ ನೀನ ಹೇಳು. ಏನಂತ ಬರೀಲಿ?"

ಹುಲಿಗೆವ್ವ ಯೋಚಿಸಿದಳು. ಅವಳನ್ನು ಯಾರೂ ಹಾಗೆ ಕೇಳಿರಲಾರರು. "ನಮಗ ಬರಬೇಕು ಅಂತ ಬರೀರಿ" ಎಂದಳು. "ಇಲ್ಲೀ ಬಾಳಿ, ಕಬ್ಬು, ಭತ್ತ, ಎಲ್ಲಾ ನಮ್ಮ ಕೈಮ್ಯಾಲ ಬೆಳೀತಾವ. ಗಾಡಿ ತುಂಬಿ ಹೋಗ್ತಾವ. ತಿರುಗಿ ಜೋಳ ನಮಗ ಬರಬೇಕಾ ಬ್ಯಾಡಾ? ಕೊಡ್ರಿ ಅನ್ನಾಂಗಿಲ್ಲ. ಬರಬೇಕು ಅಂತೀನಿ."

ಅಮ್ಮನವರು ಕಾಗದ ತೆಗೆದು ತೊಡೆಯ ಮೇಲಿಟ್ಟುಕೊಂಡರು. 'ಬಡ ಕುಟುಂಬಗಳು' ಎಂದು ಅಚ್ಚಾದ ಶಿರೋನಾಮೆಯ ಮೇಲೆ ಗೀಟು ಎಳೆದರು. ತಮ್ಮ ಸೊಟ್ಟ ಕನ್ನಡ ಅಕ್ಷರದಲ್ಲಿ 'ಜೋಳ ಬರಬೇಕಾದವರು' ಎಂದು ಬರೆದರು. ನಾನು ಅದನ್ನು ಗಟ್ಟಿಯಾಗಿ ಓದಿದೆ. ಹುಲಿಗೆವ್ವ ತನ್ನ ಹೆಸರು, ಗಂಡನ ಹೆಸರು, ಅತ್ತೆಯ ಹೆಸರು ಎಲ್ಲ ಹೇಳಿದಳು. ಆಮೇಲೆ ಇಡೀ ಬಜಾರು ಹೆಸರು ಹೇಳಿತು.

ಸ್ಪೆಷಲ್ ಸಾಹೇಬರು ಪೇಟೆಯ ಹೊರಗಿನ ಹಳೆಯ ಛತ್ರವೊಂದರಲ್ಲಿ ಕಚೇರಿ ಮಾಡಿಕೊಂಡಿದ್ದರು. ಪಟ್ಟಿ ನೋಡಿ ಹಣೆ ಒತ್ತಿಕೊಂಡರು. "ಮೊದಲನೇದು, ಕಲ್ಲಿನ ಮನೆ. ಎರಡನೇದು, ಅಚ್ಚಾದ ಶಿರೋನಾಮೆ ತಿದ್ದೋ ಅಧಿಕಾರ ನಿಮಗೂ ಇಲ್ಲ, ನನಗೂ ಇಲ್ಲ. ಬರಬೇಕು ಅಂದ್ರೆ ಏನರ್ಥ ಅಮ್ಮಾ? ಅವರೇನು ಸರ್ಕಾರಕ್ಕೆ ಸಾಲ ಕೊಟ್ಟಿದ್ದಾರಾ?"

"ಕೊಟ್ಟಾರ" ಎಂದರು ಅಮ್ಮನವರು.

ಸಾಹೇಬರು ಪಟ್ಟಿಯನ್ನು ಹಿಂದಕ್ಕೆ ಕೊಟ್ಟರು. ಬಡವರು ಎಂದು ಒಪ್ಪಿ ಹೆಬ್ಬೆಟ್ಟು ಒತ್ತಿದರೆ ನೋಡೋಣ, ಇಲ್ಲದಿದ್ದರೆ ಹಂಪಿಗೆ ಜೋಳ ಇಲ್ಲ ಎಂದರು. ನಾವು ಸೋತ ಮುಖ ಹೊತ್ತು ಹಂಪಿಗೆ ಹೋಗಿ ಅದನ್ನೇ ಹೇಳಿದೆವು. ಹುಲಿಗೆವ್ವ ಕೇಳಿದಳು:

"ಆ ಸಾಹೇಬ ಕುಂದ್ರೂದು ಎಲ್ಲಿ?"

"ಛತ್ರದಾಗ" ಎಂದೆ.

"ಛತ್ರ ಯಾತರದ್ರೀ ಅಕ್ಕೋರ?"

"ಕಲ್ಲಿಂದು."

"ಕಂಬ ಅದಾವ?"

"ಅದಾವ."

"ಹಂಗಾರ ಅದೂ ನಮ್ಮಂಥಾ ಮನಿನ ಆತು. ನಾಳೆ ಬರ್ತೀವಿ ತಗೋರಿ."

ಮರುದಿನ ಬಿಸಿಲೇರುವ ಹೊತ್ತಿಗೆ ಬಜಾರಿನ ಹೆಂಗಸರು ಕಮಲಾಪುರದ ದಾರಿ ಹಿಡಿದು ಬಂದರು. ತಲೆಯ ಮೇಲೆ ಗಡಿಗೆ, ಗಡಿಗೆಯೊಳಗೆ ಒಲೆ ಹೂಡುವ ಗುಂಡುಕಲ್ಲು, ಕಂಕುಳಲ್ಲಿ ಸೌದೆ. ಅಮ್ಮನವರು ಎದುರು ಹೋಗಿ ಒಬ್ಬ ಮುದುಕಿಯ ಕೈಯಿಂದ ಗುಂಡು ಇಸಿದುಕೊಂಡು ಮಗುವಿನಂತೆ ಎದೆಗವುಚಿಕೊಂಡು ನಡೆದರು. ಛತ್ರದ ಕಂಬದ ಸಾಲಿನಲ್ಲಿ ಸಾಲಾಗಿ ಒಲೆಗಳು ಎದ್ದವು. ಬಾವಿಯಿಂದ ನೀರು ಬಂತು. ಹಸಿ ಸೌದೆಯ ಹೊಗೆ ಸೀದಾ ಕಚೇರಿಯೊಳಗೆ ಹೋಯಿತು. ಮೊದಲು ಗುಮಾಸ್ತ ಕೆಮ್ಮುತ್ತ ಓಡಿಬಂದ, ಹಿಂದೆ ಕರವಸ್ತ್ರ ಮೂಗಿಗೆ ಹಿಡಿದ ಸಾಹೇಬರು.

"ಏನಮ್ಮಾ ಇದು?"

"ಎಸರಿಟ್ಟೀವ್ರಿ" ಎಂದಳು ಹುಲಿಗೆವ್ವ. "ಜೋಳ ಕಳಸ್ರಿ."

"ಇದು ಮನೆ ಅಲ್ಲ, ಕಚೇರಿ!"

"ಕಲ್ಲಿನ ಗ್ವಾಡಿ, ಕಲ್ಲಿನ ಕಂಬ. ಇದಕ್ಕ ಮನಿ ಅಂತ ನೀವ ಬರಕೊಂಡೀರಲ್ರಿ. ನಮ್ಮ ಮನ್ಯಾಗ ಸುಖಾ ಭಾಳ ಐತಿ, ನೀವು ಅಲ್ಲಿ ಹೋಗಿ ಇರ್ರಿ. ನಾವು ಇಲ್ಲಿ ಇರ್ತೀವಿ."

ಸಾಹೇಬರು ಅಮ್ಮನವರ ಕಡೆ ನೋಡಿದರು, ಇವರನ್ನೆಲ್ಲ ಎಬ್ಬಿಸಿ ಎಂಬಂತೆ. ಅಮ್ಮನವರು ಒಲೆಯ ಪಕ್ಕ ಚಕ್ಕಳಮಕ್ಕಳ ಹಾಕಿ ಕೂತು ಉರಿಗೆ ಸೌದೆ ತಳ್ಳಿದರು. "ನಾನೂ ಈ ಮನಿಯಾಕಿನ. ನನ್ನ ಹೆಸರೂ ಬರಕೋ ತಮ್ಮಾ."

ಪೊಲೀಸರನ್ನು ಕರೆಸುತ್ತಾರೆಂದೇ ನಾನು ಕಾದೆ. ಜೈಲಿಗೆ ಹೋಗಲು ಸಿದ್ಧಳಾಗಿ ಸೆರಗು ಬಿಗಿದುಕೊಂಡಿದ್ದೆ. ಆದರೆ ಸಾಹೇಬರು ಹುಲಿಗೆವ್ವನ ಗಡಿಗೆಯ ಹತ್ತಿರ ಬಂದರು. ಬಗ್ಗಿ ನೋಡಿದರು. ಆಮೇಲೆ ಪಕ್ಕದ ಗಡಿಗೆ. ಅದರ ಪಕ್ಕದ್ದು. ಎಲ್ಲದರಲ್ಲೂ ನೀರು ಕುದಿಯುತ್ತಿತ್ತು, ಬರೇ ನೀರು. "ಹಂಪಿಯಲ್ಲೂ ಹೀಗೇನಾ?" ಎಂದು ಕೇಳಿದರು. ಅಮ್ಮನವರು ಆ ಪಟ್ಟಿಯನ್ನು ತೆಗೆದು ಅವರ ಮುಂದೆ ಹಿಡಿದರು. ಸಾಹೇಬರು ಅದನ್ನು ತೆಗೆದುಕೊಂಡು ಒಳಗೆ ಹೋದರು. ಹೊರಬಂದಾಗ ಕೈಯಲ್ಲಿ ಆ ಪಟ್ಟಿ ಇತ್ತು, ಅಮ್ಮನವರ ಸೊಟ್ಟ ಶಿರೋನಾಮೆಯ ಕೆಳಗೆ ಸಾಹೇಬರ ಸಹಿ ಇತ್ತು. ಆ ಮನುಷ್ಯನ ಮೇಲೆ ನನಗಿದ್ದ ಅರ್ಧ ಸಿಟ್ಟು ಅಲ್ಲಿಗೆ ಇಳಿಯಿತು. ಇನ್ನರ್ಧ ಇಟ್ಟುಕೊಂಡಿದ್ದೇನೆ, ಬೇಕಾಗುತ್ತದೆ.

ಜೋಳದ ಗಾಡಿಗಳು ಹಂಪಿಗೆ ಬಂದವು. ಆ ಜೋಳದಲ್ಲಿ ಹುಳು ಇತ್ತು ಎಂಬುದನ್ನೂ ಹೇಳಿಬಿಡುತ್ತೇನೆ. ಹುಲಿಗೆವ್ವ ಮೊರದಲ್ಲಿ ಕೇರುತ್ತ, "ಬರಬೇಕಾದ್ದು ಹುಳ ಹಿಡಿದು ಬಂದೈತಿ ನೋಡ್ರಿ" ಎಂದಳು. ಅಮ್ಮನವರು ಆ ಹುಳುಗಳನ್ನು ಪೊಟ್ಟಣ ಕಟ್ಟಿ ಸಾಹೇಬರಿಗೆ ಕಳಿಸಿದರು. ಮುಂದಿನ ಗಾಡಿಯ ಜೋಳ ಚೊಲೋ ಇತ್ತು.

ಆಮೇಲೆ ಯಾವ ವಿಚಾರಣೆಗೂ ಅಮ್ಮನವರನ್ನು ಕರೆಯಲಿಲ್ಲ. ಕರೆಯದೆಯೇ ಹೋಗುತ್ತಿದ್ದರು. ಮೈಯಲ್ಲಿ ಜ್ವರ ಇಟ್ಟುಕೊಂಡೇ ಓಣಿ ಓಣಿ ತಿರುಗಿ 'ಏನುಂಡ್ರಿ?' ಎಂದು ಕೇಳಿ, ಆ ಜ್ವರದಲ್ಲೇ ಹೋದರು. ಈಗ ಹೊಳೆಗೆ ದೊಡ್ಡ ಅಣೆಕಟ್ಟು ಬರುತ್ತದೆಂದು ಅಳತೆಯವರು ಓಡಾಡುತ್ತಿದ್ದಾರೆ. ಮುಳುಗುವ ಊರುಗಳ ಮನೆಗಳನ್ನು ಯಾರೋ ಕಲ್ಲಿನದು, ಮಣ್ಣಿನದು ಎಂದು ಬರೆದುಕೊಳ್ಳುತ್ತಿರಬೇಕು. ಅವರ ಬೆನ್ನ ಹಿಂದೆ ಆ ಕಪ್ಪು ಕೊಡೆ ಇಲ್ಲವಲ್ಲ ಎಂಬುದು ನನ್ನ ಸಂಕಟ. ಕೊಡೆ ನನ್ನ ಹತ್ತಿರವೇ ಇದೆ, ನಾನೇ ಹೋಗಬೇಕು.

ಅವರನ್ನು ಮಣ್ಣು ಮಾಡಿದ ದಿನ ಬಳ್ಳಾರಿಯಿಂದ ಪಾದ್ರಿಗಳು ಬಂದಿದ್ದರು. ಪೇಟೆಯ ಹಿರಿಯರೂ ಬಂದಿದ್ದರು, ಓಣಿ ಬದಲಿಸುತ್ತಿದ್ದ ಆ ವಕೀಲರೂ ಕೂಡ. ಅವರೇ ಮುಂದೆ ನಿಂತು ಭಾಷಣ ಮಾಡಿದರು. 'ಬಡವರ ತಾಯಿ' ಎಂದರು. ನುಣುಪಾದ ಕರಿಕಲ್ಲು ತರಿಸಿ ಆ ಎರಡು ಪದ ಕೆತ್ತಿಸಿ ನಿಲ್ಲಿಸೋಣ ಎಂದರು. ಎಲ್ಲರೂ ತಲೆಯಾಡಿಸಿದರು. ಹಿಂದಿನಿಂದ ಒಂದು ದನಿ ಬಂತು.

"ಕಲ್ಲು ಬ್ಯಾಡ್ರಿ."

ಹುಲಿಗೆವ್ವ ಜನರನ್ನು ಸರಿಸಿ ಗುಂಡಿಯ ಅಂಚಿಗೆ ಬಂದಳು. ಕಣ್ಣು ಸುರಿಯುತ್ತಿದ್ದವು, ದನಿ ಮಾತ್ರ ಛತ್ರದ ದಿನದ್ದೇ.

"ಬಡವರು ಅನ್ನೂ ಮಾತು ಅಮ್ಮಾರಿಗೆ ಸೇರ್ತಿರಲಿಲ್ಲ, ಅದನ್ನ ಅವರ ತಲಿಮ್ಯಾಲ ಇಡಬ್ಯಾಡ್ರಿ. ಕಲ್ಲಂತೂ ಬ್ಯಾಡ ಬ್ಯಾಡ್ರಿ. ನಾಳೆ ಇನ್ನೊಬ್ಬ ಸಾಹೇಬ ಬರ್ತಾನ. ಈ ಅಮ್ಮಾರೂ ಕಲ್ಲಿನ ಮನ್ಯಾಗ ಅದಾರ, ಇವರಿಗೇನೂ ಬರಬೇಕಾದ್ದಿಲ್ಲ ಅಂತ ಹೊಡದು ಹಾಕ್ಕೊಂಡು ಹೋಗ್ತಾನ."

ಹುಲಿಗೆವ್ವ ಬಗ್ಗಿ ಎರಡೂ ಕೈಯಿಂದ ಮಣ್ಣು ಎತ್ತಿ ಹಾಕಿದಳು, ಅವಳ ಹಿಂದೆ ನಾನು ಹಾಕಿದೆ. ಕಲ್ಲು ಇಡಲಿಲ್ಲ. ಇಡಲು ಬಿಡುವುದೂ ಇಲ್ಲ.